ಪ್ರತಿಫಲ ಬದಲಾದಾಗ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಈ ದತ್ತಿಯನ್ನು ಇಟ್ಟ ಮೇಷ್ಟ್ರು ಕಲಿಕೆಗೆ ಸಂಬಂಧಿಸಿದ ಒಂದು ವಿಷಯದ ಮೇಲೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು ಎಂದು ಬಯಸಿದ್ದರು. ಕಲಿಕೆ ಎಂದೊಡನೆ ಹೊಸದೊಂದನ್ನು ಕಲಿಯುವ ಮಾತು ನೆನಪಿಗೆ ಬರುತ್ತದೆ. ನಾನು ಇಂದು ಅದರ ಮುಂದಿನ ಘಟ್ಟವನ್ನು ಎತ್ತಿಕೊಂಡಿದ್ದೇನೆ. ಒಬ್ಬರು ಒಂದು ನಡತೆಯನ್ನು ಕಲಿತಾಗಿದೆ, ಅದಕ್ಕೆ ಫಲವೂ ಸಿಗುತ್ತಿದೆ. ಒಂದು ದಿನ ಆ ಫಲ ನಿಂತುಹೋಗುತ್ತದೆ, ಇಲ್ಲವೆ ತಗ್ಗುತ್ತದೆ, ಇಲ್ಲವೆ ಅದು ಸಿಗುವ ಷರತ್ತು ಬೇರೆಯಾಗುತ್ತದೆ. ಆಗ ಅವರು ಏನು ಮಾಡುತ್ತಾರೆ?

ಮಗುವಿನ ಹಟಕ್ಕೆ ಮಣಿಯುವುದನ್ನು ತಾಯಿ ನಿಲ್ಲಿಸಿದಾಗಲೂ, ಇಲಾಖೆ ಹಾಜರಾತಿಯ ನಿಯಮವನ್ನು ಬದಲಿಸಿದಾಗಲೂ, ಕುಡಿತ ಬಿಟ್ಟವರು ಚಿಕಿತ್ಸೆ ಮುಗಿಸಿ ಊರಿಗೆ ಮರಳಿದಾಗಲೂ ಏಳುವುದು ಇದೇ ಪ್ರಶ್ನೆ. ಉತ್ತರವನ್ನು ನಾವು ಸಾಮಾನ್ಯವಾಗಿ ಆ ವ್ಯಕ್ತಿಯ ಗುಣದಲ್ಲಿ ಹುಡುಕುತ್ತೇವೆ. ಹಟಮಾರಿ, ಮೈಗಳ್ಳ, ಮನಸ್ಸು ಗಟ್ಟಿಯಿಲ್ಲದವನು ಎಂದು ಹೆಸರಿಟ್ಟು ಮುಗಿಸುತ್ತೇವೆ. ಈ ಹೆಸರುಗಳಿಂದ ಯಾರಿಗೂ ಸಹಾಯವಾದದ್ದನ್ನು ನಾನು ಕಂಡಿಲ್ಲ. ಹಿಂದೆ ಫಲ ಸಿಕ್ಕಿದ್ದು ಯಾವ ರೀತಿಯಲ್ಲಿ, ಯಾವ ಸ್ಥಳದಲ್ಲಿ, ಯಾರ ಮಾತು ಕೇಳಿ ಎಂದು ವಿಚಾರಿಸಿದರೆ ಇಂದಿನ ನಡತೆ ಅರ್ಥವಾಗತೊಡಗುತ್ತದೆ. ಅದು ಹೇಗೆ ಎಂದು ತೋರಿಸುವುದಷ್ಟೇ ಈ ಉಪನ್ಯಾಸದ ಉದ್ದೇಶ.

ಒಂದು ನಡತೆಯ ಬೆನ್ನಿಗೇ ಬಂದು, ಅದು ಮತ್ತೆ ಮತ್ತೆ ನಡೆಯುವಂತೆ ಮಾಡುವ ಫಲಕ್ಕೆ ಮನಶ್ಶಾಸ್ತ್ರದಲ್ಲಿ ಪುನರ್ಬಲನ ಎನ್ನುತ್ತಾರೆ. ಬಿ.ಎಡ್. ಓದಿದವರಿಗೆಲ್ಲ ಪರಿಚಿತ ಪದ. ಅದರ ಜೊತೆಗೆ ಬರುವ ಹೆಸರು ಬಿ. ಎಫ್. ಸ್ಕಿನ್ನರ್ ಅವರದು. ಸನ್ನೆ ಒತ್ತಿದರೆ ಆಹಾರದ ಗುಳಿಗೆ ಬೀಳುವ ಪೆಟ್ಟಿಗೆ, ಅದರೊಳಗೆ ಒಂದು ಇಲಿ, ಇಷ್ಟು ಚಿತ್ರ ಎಲ್ಲರಿಗೂ ನೆನಪಿರುತ್ತದೆ. ಫಲ ನಿಂತಾಗ ಏನಾಗುತ್ತದೆ ಎಂಬ ವಿಷಯ ಆ ಪೆಟ್ಟಿಗೆಯಿಂದ ಹೊರಬಿದ್ದದ್ದು ಒಂದು ಆಕಸ್ಮಿಕದಿಂದ. 1930ರ ಆಸುಪಾಸಿನಲ್ಲಿ, ಹಾರ್ವರ್ಡಿನಲ್ಲಿ, ಸ್ಕಿನ್ನರ್ ಬೇರೇನನ್ನೋ ಅಳೆಯುತ್ತಿದ್ದಾಗ ಗುಳಿಗೆ ಬೀಳಿಸುವ ಯಂತ್ರ ಸಿಕ್ಕಿಹಾಕಿಕೊಂಡಿತು. ಇಲಿ ಒತ್ತುತ್ತಲೇ ಇತ್ತು, ಗುಳಿಗೆ ಬರಲಿಲ್ಲ. ಯಂತ್ರ ಕೆಟ್ಟಿತೆಂದು ಅವರು ಆ ದಿನದ ದಾಖಲೆಯನ್ನು ಎಸೆಯಲಿಲ್ಲ, ಕಾಗದದ ಮೇಲೆ ಮೂಡಿದ ರೇಖೆಯನ್ನು ನೋಡುತ್ತ ಕುಳಿತರು. ಫಲ ಸಿಗದ ನಡತೆ ಮೆಲ್ಲಗೆ ಕುಂದುತ್ತ ಹೋಗುವ ಮೊದಲ ನಕ್ಷೆ ಅವರಿಗೆ ಸಿಕ್ಕಿದ್ದು ಹಾಗೆ.

ಕುಂದುತ್ತದೆ ಎಂಬುದು ನಾವೂ ಊಹಿಸಬಹುದಾದದ್ದು. ಊಹೆಗೆ ಸಿಗದಿದ್ದದ್ದು ಅದಕ್ಕೂ ಮುಂಚಿನ ಹಂತ. ಫಲ ನಿಂತ ಕೂಡಲೆ ನಡತೆ ಇಳಿಯುವ ಬದಲು ಎಷ್ಟೋ ಸಲ ಏರುತ್ತದೆ. ಬೋರಿನ ಕೈಪಂಪಿನಲ್ಲಿ ನೀರು ಬಾರದಿದ್ದರೆ ನಾವು ಹಿಡಿಕೆ ಬಿಟ್ಟು ಹೊರಡುವುದಿಲ್ಲ. ಮೊದಲು ಇನ್ನೂ ಜೋರಾಗಿ, ಇನ್ನೂ ಬೇಗ ಬೇಗ ಹೊಡೆಯುತ್ತೇವೆ. ಹಿಡಿತ ಬದಲಿಸುತ್ತೇವೆ, ಸಿಟ್ಟಾಗುತ್ತೇವೆ, ಪಂಪನ್ನೊಮ್ಮೆ ಒದೆಯುವುದೂ ಉಂಟು. ಅಂಗಡಿಯ ಮುಂದೆ ಚಾಕೊಲೇಟಿಗಾಗಿ ಅಳುವ ಮಗುವಿಗೆ ಈ ಸಲ ಕೊಡಿಸುವುದಿಲ್ಲ ಎಂದು ತಾಯಿ ನಿರ್ಧರಿಸಿದ ದಿನ ಅಳು ಮೊದಲಿಗಿಂತ ಜೋರಾಗುತ್ತದೆ, ನೆಲಕ್ಕೆ ಬಿದ್ದು ಹೊರಳುವುದೂ ಶುರುವಾಗುತ್ತದೆ. ಕಲಿತ ದಾರಿ ಮುಚ್ಚಿದಾಗ ಆ ದಾರಿಯಲ್ಲೇ ಇನ್ನಷ್ಟು ಬಲ ಹಾಕುವುದು, ಅದರ ಸುತ್ತಮುತ್ತ ಬೇರೆ ಬೇರೆ ಬಗೆಯನ್ನು ಪ್ರಯತ್ನಿಸುವುದು ಜೀವಿಗಳ ಸಹಜ ರೀತಿ. ಆ ಹೊರಳಾಟ ತಾಳಲಾರದೆ ತಾಯಿ ಚಾಕೊಲೇಟು ಕೊಡಿಸಿಬಿಟ್ಟರೆ ಮಗು ಕಲಿಯುವುದು ಏನನ್ನು? ಅಳು ಸಾಲದು, ಹೊರಳಬೇಕು ಎಂಬುದನ್ನು. ಎಳೆಯ ತಂದೆತಾಯಿಗಳಿಗೆ ಇದನ್ನು ಮೊದಲೇ ಹೇಳಿಕೊಟ್ಟಿರಬೇಕು. ಹೆಚ್ಚಿನವರು ಸೋಲುವುದು ಆ ಏರಿಕೆಯ ಹೊತ್ತಿನಲ್ಲಿ, ಇನ್ನು ಸ್ವಲ್ಪ ತಾಳಿದ್ದರೆ ಇಳಿಯಲಿದ್ದ ಹೊತ್ತಿನಲ್ಲಿ.

ಸ್ಕಿನ್ನರರ ಎರಡನೆಯ ಕಥೆ ಇನ್ನೂ ಮುಖ್ಯವಾದದ್ದು. ಆ ಕಾಲದಲ್ಲಿ ಇಲಿಗೆ ಕೊಡುವ ಗುಳಿಗೆಗಳನ್ನು ಅವರೇ ಮಾಡಿಕೊಳ್ಳಬೇಕಿತ್ತು. ಔಷಧ ಮಾರುವವರು ಮಾತ್ರೆ ಉರುಳಿಸಲು ಬಳಸುತ್ತಿದ್ದ ಸಲಕರಣೆಯಿಂದ ಕೈಯಲ್ಲೇ ತಯಾರಿಸುತ್ತಿದ್ದರು. ಎಂಟು ಇಲಿಗಳು ದಿನಕ್ಕೆ ನೂರರಂತೆ ತಿಂದುಹಾಕುತ್ತಿದ್ದವು. ಒಂದು ಶನಿವಾರ ದಾಸ್ತಾನು ನೋಡಿದರೆ ಸೋಮವಾರ ಬೆಳಗ್ಗೆಗೇ ಗುಳಿಗೆ ಮುಗಿದುಹೋಗುವಂತಿತ್ತು. ರಜೆಯ ಸಂಜೆಯೆಲ್ಲ ಗುಳಿಗೆ ಉರುಳಿಸುವ ಬದಲು ಅವರು ಬೇರೊಂದು ಯೋಚನೆ ಮಾಡಿದರು: ಪ್ರತಿ ಒತ್ತಿಗೂ ಏಕೆ ಕೊಡಬೇಕು, ನಿಮಿಷಕ್ಕೊಂದು ಕೊಟ್ಟರೆ ಸಾಲದೆ? ಇಲಿಗಳು ಒತ್ತುವುದನ್ನು ನಿಲ್ಲಿಸಲಿಲ್ಲ, ಒಂದೇ ಹದದಲ್ಲಿ ಒತ್ತುತ್ತಲೇ ಹೋದವು. ಫಲ ಎಷ್ಟು ಎಂಬುದರ ಜೊತೆಗೆ ಯಾವ ಲಯದಲ್ಲಿ ಬರುತ್ತದೆ ಎಂಬುದೂ ನಡತೆಯನ್ನು ರೂಪಿಸುತ್ತದೆ ಎಂಬ ದೊಡ್ಡ ಶೋಧ ಅಲ್ಲಿಂದ ಬೆಳೆಯಿತು. 1957ರಲ್ಲಿ ಚಾರ್ಲ್ಸ್ ಫರ್‌ಸ್ಟರ್ ಜೊತೆ ಸೇರಿ ಅವರು ಪ್ರಕಟಿಸಿದ ಬೃಹತ್ ಗ್ರಂಥದ ವಸ್ತುವೇ ಅದು.

ಫಲ ಪೂರ್ತಿ ನಿಂತಾಗ ಈ ಲಯದ ವ್ಯತ್ಯಾಸ ಎದ್ದುಕಾಣುತ್ತದೆ. ಪ್ರತಿ ಸಲವೂ ಫಲ ಪಡೆದ ಪ್ರಾಣಿ ಬೇಗ ಬಿಟ್ಟುಬಿಡುತ್ತದೆ. ಆಗೊಮ್ಮೆ ಈಗೊಮ್ಮೆ, ಹೇಳಲು ಬಾರದ ಹೊತ್ತಿನಲ್ಲಿ ಫಲ ಪಡೆದದ್ದು ಬಹುಕಾಲ ಬಿಡುವುದಿಲ್ಲ. ಪಾರಿವಾಳಗಳು ಒಂದು ಕಾಳೂ ಸಿಗದೆ ಸಾವಿರಗಟ್ಟಲೆ ಸಲ ಕುಕ್ಕಿದ್ದುಂಟು. ಮನುಷ್ಯರಲ್ಲೂ ಹೀಗೆಯೇ ಎಂದು ಲಾಯ್ಡ್ ಹಂಫ್ರೀಸ್ 1939ರಲ್ಲಿ ಕಣ್ಣೆವೆ ಬಡಿತದ ಪ್ರಯೋಗದಿಂದ ತೋರಿಸಿದರು. ಕಾರಣ ಸರಳವಾಗಿದೆ. ದಿನವೂ ಬರುತ್ತಿದ್ದದ್ದು ಬಾರದಿದ್ದರೆ ಪರಿಸ್ಥಿತಿ ಬದಲಾಗಿದೆ ಎಂದು ತಿಳಿಯುತ್ತದೆ. ಎಂದೋ ಒಮ್ಮೆ ಬರುತ್ತಿದ್ದದ್ದು ಬಾರದಿದ್ದರೆ ಬದಲಾಗಿದೆಯೋ, ಇದು ಎಂದಿನ ಖಾಲಿ ದಿನವೋ ತಿಳಿಯುವುದು ಹೇಗೆ? ಲಾಟರಿಯವನು, ಇಸ್ಪೀಟಿನವನು, ಮೊಬೈಲಿನ ಪರದೆಯನ್ನು ಎಳೆದೆಳೆದು ನೋಡುವ ಹುಡುಗ ಇವರೆಲ್ಲ ಇದೇ ಸಂದೇಹದಲ್ಲಿ ಬದುಕುತ್ತಿದ್ದಾರೆ. ಮೇಲಿನ ತಾಯಿ ಹತ್ತು ಸಲದಲ್ಲಿ ಒಂದು ಸಲ ಮಾತ್ರ ಮಣಿದಿದ್ದರೆ ತಾನು ಬಹುಮಟ್ಟಿಗೆ ಗಟ್ಟಿಯಾಗಿದ್ದೆ ಎಂದುಕೊಳ್ಳುತ್ತಾಳೆ. ಮಗುವಿನ ಹಟಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರ ಇನ್ನಿಲ್ಲ.

ಸರ್ಕಾರಗಳೂ ಇದೇ ತಾಯಿಯ ಸ್ಥಾನದಲ್ಲಿ ನಿಲ್ಲುತ್ತವೆ. 2023ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಬಾಕಿ ಉಳಿದ ಸಂಚಾರ ದಂಡಕ್ಕೆ ಶೇ. 50ರ ರಿಯಾಯಿತಿ ಘೋಷಣೆಯಾಯಿತು. ಬೆಂಗಳೂರಿನ ಪೊಲೀಸ್ ಠಾಣೆಗಳ ಮುಂದೆ ಸಾಲು ನಿಂತಿತು, ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಮಿಕ್ಕಿ ವಸೂಲಾಯಿತು. ಅದೇ ವರ್ಷ ರಿಯಾಯಿತಿ ಮತ್ತೆ ಬಂತು, 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಬಂತು. ವಸೂಲಿಯ ಲೆಕ್ಕದಲ್ಲಿ ಇದು ಯಶಸ್ಸು, ಒಪ್ಪುತ್ತೇನೆ. ಆದರೆ ಇಲ್ಲಿ ಫಲ ಸಿಕ್ಕ ನಡತೆ ಯಾವುದು? ನೋಟಿಸು ಬಂದ ದಿನವೇ ದಂಡ ಕಟ್ಟಿದವರಿಗೆ ಏನೂ ಸಿಗಲಿಲ್ಲ. ಕಟ್ಟದೆ ಕಾದವರಿಗೆ ಅರ್ಧ ಹಣ ಉಳಿಯಿತು, ಅದೂ ಯಾವಾಗ ಎಂದು ಹೇಳಲು ಬಾರದ ಹೊತ್ತಿನಲ್ಲಿ. ಕಾಯುವುದನ್ನು ಕಲಿಸಲು, ಕಲಿತದ್ದು ಬಹುಕಾಲ ಉಳಿಯುವಂತೆ ಮಾಡಲು ಇದಕ್ಕಿಂತ ಒಳ್ಳೆಯ ಲಯವನ್ನು ಪ್ರಯೋಗಾಲಯದಲ್ಲೂ ಹೊಂದಿಸಲಾರೆವು. ನಾಳೆ ರಿಯಾಯಿತಿ ಇನ್ನೆಂದೂ ಇಲ್ಲ ಎಂದು ಸಾರಿದರೂ ಜನ ಕೆಲಕಾಲ ಕಾಯುತ್ತಾರೆ. ಅದಕ್ಕಾಗಿ ಅವರನ್ನು ಬೈಯುವುದು ನ್ಯಾಯವಲ್ಲ.

ಫಲ ಪೂರ್ತಿ ನಿಲ್ಲದೆ ತಗ್ಗಿದಾಗಿನ ಮಾತನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 1928ರಲ್ಲಿ ಟಿಂಕಲ್‌ಪಾ ಎಂಬ ಸಂಶೋಧಕ ಕೋತಿಯ ಎದುರಿಗೆ ಬಟ್ಟಲಡಿ ಬಾಳೆಹಣ್ಣು ಇಟ್ಟು, ಅದಕ್ಕೆ ಕಾಣದಂತೆ ತೆಗೆದು ಲೆಟ್ಯೂಸ್ ಸೊಪ್ಪನ್ನು ಇಟ್ಟರು. ಬೇರೆ ಹೊತ್ತಿನಲ್ಲಿ ಆ ಸೊಪ್ಪನ್ನು ಸಂತೋಷದಿಂದ ತಿನ್ನುತ್ತಿದ್ದ ಕೋತಿ ಈಗ ಬಟ್ಟಲಿನ ಸುತ್ತ ಹುಡುಕಿತು, ಸೊಪ್ಪನ್ನು ಮುಟ್ಟಲಿಲ್ಲ, ನೋಡುತ್ತಿದ್ದವರ ಮೇಲೆ ಕಿರುಚಿತು. 1942ರಲ್ಲಿ ಲಿಯೋ ಕ್ರೆಸ್ಪಿ ಇದನ್ನೇ ಇಲಿಗಳ ಓಟದಲ್ಲಿ ಅಳೆದರು. ದೊಡ್ಡ ಪಾಲಿನಿಂದ ಚಿಕ್ಕ ಪಾಲಿಗೆ ಇಳಿದ ಇಲಿಗಳು ಮೊದಲಿನಿಂದಲೂ ಚಿಕ್ಕ ಪಾಲನ್ನೇ ಪಡೆಯುತ್ತಿದ್ದವುಗಳಿಗಿಂತ ನಿಧಾನವಾಗಿ ಓಡಿದವು. ಬೋನಸ್ ಒಂದು ವರ್ಷ ಕೊಟ್ಟು ಮರುವರ್ಷ ಕಡಿಮೆ ಮಾಡಿದ ಮಾಲೀಕರಿಗೆ, ಬೋನಸ್ಸನ್ನೇ ಕಾಣದ ಪಕ್ಕದ ಕಾರ್ಖಾನೆಯಲ್ಲಿ ಕೆಲಸ ಇದಕ್ಕಿಂತ ಚೆನ್ನಾಗಿ ನಡೆಯುವುದು ಏಕೆಂದು ಇಲ್ಲಿಂದ ತಿಳಿದೀತು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಇಲಿಗೂ ನಮಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಇನ್ನು ಮುಂದೆ ಕಾಣುತ್ತದೆ. ಏಕೆಂದರೆ ನಮಗೆ ಮಾತು ಇದೆ.

ಇಲಿ ಪೆಟ್ಟಿಗೆಯ ರೀತಿಯನ್ನು ಒತ್ತಿ ಒತ್ತಿಯೇ ಕಲಿಯಬೇಕು. ಮನುಷ್ಯರಿಗೆ ಹೇಳಿಕೊಡಬಹುದು. ಅಮೆರಿಕದ ಮೇರಿಲ್ಯಾಂಡಿನಲ್ಲಿ ಶಿಮಾಫ್, ಕಟಾನಿಯಾ, ಮ್ಯಾಥ್ಯೂಸ್ ಎಂಬ ಮೂವರು 1981ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕಾಲೇಜು ವಿದ್ಯಾರ್ಥಿಗಳು ಒಂದು ಗುಂಡಿ ಒತ್ತಬೇಕು, ಅಂಕ ಗಳಿಸಬೇಕು. ಮೊದಲಿಗೆ ಷರತ್ತು ಏನೆಂದರೆ ನಿಧಾನವಾಗಿ ಒತ್ತಿದರೆ ಮಾತ್ರ ಅಂಕ. ಕೆಲವರಿಗೆ ನಿಧಾನವಾಗಿ ಒತ್ತಿ ಎಂದು ಹೇಳಿದರು. ಉಳಿದವರಿಗೆ ಏನೂ ಹೇಳದೆ, ನಿಧಾನ ಹೆಚ್ಚಿದಂತೆಲ್ಲ ಅಂಕ ಸಿಗುವಂತೆ ಮಾಡಿ, ಅವರಾಗಿಯೇ ಆ ಹದಕ್ಕೆ ಬರುವಂತೆ ನೋಡಿಕೊಂಡರು. ಹೊರಗಿನಿಂದ ನೋಡುವವರಿಗೆ ಎರಡು ಗುಂಪೂ ಒಂದೇ: ಎರಡೂ ನಿಧಾನವಾಗಿ ಒತ್ತುತ್ತಿವೆ. ಆಮೇಲೆ ಯಾರಿಗೂ ತಿಳಿಸದೆ ಷರತ್ತನ್ನು ತೆಗೆದರು. ಈಗ ಬೇಗ ಒತ್ತಿದವರಿಗೆ ಹೆಚ್ಚು ಅಂಕ. ತಾವೇ ಕಂಡುಕೊಂಡವರಲ್ಲಿ ಹೆಚ್ಚಿನವರು ಹೊಸ ಪರಿಸ್ಥಿತಿಗೆ ಹೊಂದಿಕೊಂಡು ವೇಗ ಹೆಚ್ಚಿಸಿದರು. ಹೇಳಿಸಿಕೊಂಡವರಲ್ಲಿ ಹೆಚ್ಚಿನವರು ಮೊದಲಿನಂತೆಯೇ ನಿಧಾನವಾಗಿ ಒತ್ತುತ್ತ ಕುಳಿತರು.

ಅವರು ದಡ್ಡರಾಗಿದ್ದರೇ? ಇಲ್ಲ. ಹೇಳಿದ ಮಾತನ್ನು ಪಾಲಿಸಿದ್ದರಿಂದ ಅವರಿಗೆ ಅಂಕ ಸಿಗುತ್ತಲೇ ಇತ್ತು. ಬೇಗ ಒತ್ತಿದರೆ ಏನಾಗುತ್ತದೆ ಎಂದು ನೋಡುವ ಸಂದರ್ಭವೇ ಒದಗಲಿಲ್ಲ. ಮಾತು ಸುತ್ತಣ ಪರಿಸ್ಥಿತಿಯನ್ನು ಅವರಿಂದ ಮರೆಮಾಡಿತ್ತು. ಮಾತು ಬಾರದ ಎಳೆಗೂಸುಗಳ ಮೇಲೆ ವೇಲ್ಸಿನಲ್ಲಿ ನಡೆದ ಪ್ರಯೋಗಗಳಲ್ಲಿ ಕೂಸುಗಳು ಹೆಚ್ಚುಕಡಿಮೆ ಬೇರೆ ಪ್ರಾಣಿಗಳಂತೆಯೇ ಫಲದ ಲಯವನ್ನು ಹಿಂಬಾಲಿಸಿದವು. ಮಾತು ಕಲಿತ ಮೇಲೆ ನಮ್ಮ ದಾರಿ ಬೇರೆಯಾಗುತ್ತದೆ.

ಇದನ್ನು ನಾನು ಮಾತಿನ ವಿರುದ್ಧದ ವಾದವಾಗಿ ಹೇಳುತ್ತಿಲ್ಲ. ಹಿರಿಯರ ಮಾತು ಎಂದರೆ ನೂರಾರು ಜನ ಸೋತು, ಗೆದ್ದು ಗಳಿಸಿದ ಅನುಭವ. ಹಾವು ಕಚ್ಚಿಸಿಕೊಂಡೇ ಹಾವನ್ನು ಅರಿಯುವ ಗತಿ ನಮಗೆ ಬಾರದಿರುವುದು ಮಾತಿನಿಂದ. ನಮ್ಮ ರೈತರ ಮಳೆನಕ್ಷತ್ರದ ಗಾದೆಗಳನ್ನೇ ನೋಡಿ. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಒಂದೊಂದು ಮಳೆಗೂ ಒಂದೊಂದು ಕೆಲಸವನ್ನು ಕಟ್ಟಿಕೊಟ್ಟ ಆ ಮಾತುಗಳು ಓದುಬರಹವಿಲ್ಲದ ಕಾಲದಲ್ಲಿ ಎಷ್ಟು ಹೊಟ್ಟೆಗಳನ್ನು ತುಂಬಿಸಿವೆಯೋ. ಆದರೆ ಮಳೆ ತನ್ನ ವಾರ ಬದಲಿಸಿದ ವರ್ಷ, ಗಾದೆಯನ್ನು ಬಾಯಿಪಾಠ ಮಾಡಿದವರಿಗಿಂತ ಮಣ್ಣನ್ನು ಹಿಡಿಯಲ್ಲಿ ಹಿಸುಕಿ ನೋಡಿದವರು ಮೊದಲು ಎಚ್ಚರಗೊಳ್ಳುತ್ತಾರೆ. ಶಾಲೆಯಲ್ಲೂ ಹಾಗೆಯೇ. ಇಂಥ ಲೆಕ್ಕಕ್ಕೆ ಇಂಥ ಸೂತ್ರ ಎಂದು ಕಲಿತ ಮಗು ಪ್ರಶ್ನೆಪತ್ರಿಕೆಯ ಮಾದರಿ ಬದಲಾದ ವರ್ಷ ಹೊರಗೆ ಬಂದು ಅಳುತ್ತದೆ. ಅಧ್ಯಾಪಕ ಮಿತ್ರರಲ್ಲಿ ನನ್ನ ಬೇಡಿಕೆ ಇಷ್ಟೇ: ಸೂತ್ರ ಹೇಳಿಕೊಡಿ. ಅದರ ಜೊತೆಗೆ ಸೂತ್ರ ಹೊಂದದ ಒಂದೆರಡು ಲೆಕ್ಕಗಳನ್ನೂ ಬೇಕೆಂದೇ ಕೊಡಿ, ಮಗು ತಪ್ಪಿ ನೋಡಲಿ.

* * *

ಈಗ ನಮ್ಮ ದೇಶದ ಮೂರು ಪ್ರಯತ್ನಗಳಿಗೆ ಬರುತ್ತೇನೆ. ಮೂರರಲ್ಲೂ ಸಮಸ್ಯೆ ಒಂದೇ, ಕೆಲಸದ ಜಾಗದಲ್ಲಿ ಜನ ಇರುವುದಿಲ್ಲ. ಮೂರರಲ್ಲೂ ಮದ್ದು ಹೆಚ್ಚುಕಡಿಮೆ ಒಂದೇ, ಹಾಜರಾತಿಯನ್ನು ಯಂತ್ರದಿಂದ ದಾಖಲಿಸಿ ಅದಕ್ಕೆ ಫಲ ಕಟ್ಟುವುದು. ಆದದ್ದು ಮಾತ್ರ ಬೇರೆ ಬೇರೆ.

ರಾಜಸ್ಥಾನದ ಉದಯಪುರದ ಸುತ್ತಣ ಹಳ್ಳಿಗಳಲ್ಲಿ ಸೇವಾ ಮಂದಿರ ಎಂಬ ಸಂಸ್ಥೆ ಏಕೋಪಾಧ್ಯಾಯ ಶಾಲೆಗಳನ್ನು ನಡೆಸುತ್ತಿತ್ತು. 2003ರಲ್ಲಿ ಆ ಶಾಲೆಗಳಲ್ಲಿ ಕೆಲವಕ್ಕೆ ಕ್ಯಾಮೆರಾ ಕೊಟ್ಟರು. ದಿನದ ಮೊದಲಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಮಕ್ಕಳ ಜೊತೆ ಶಿಕ್ಷಕರ ಫೋಟೋ ತೆಗೆಯಬೇಕು. ತಾರೀಖು, ಸಮಯ ಚಿತ್ರದಲ್ಲೇ ಮೂಡುತ್ತದೆ, ತಿದ್ದಲಾಗದು. ಸಂಬಳವನ್ನು ಆ ಚಿತ್ರಗಳಿಗೆ ಕಟ್ಟಿದರು: ತಿಂಗಳಲ್ಲಿ ಹತ್ತು ದಿನದೊಳಗೆ ಬಂದರೆ 500 ರೂಪಾಯಿ, ಹತ್ತರ ಮೇಲೆ ಬಂದ ಪ್ರತಿ ದಿನಕ್ಕೂ 50 ರೂಪಾಯಿ ಹೆಚ್ಚು. ಎಸ್ತರ್ ದುಫ್ಲೊ, ರೇಮಾ ಹನ್ನಾ, ಸ್ಟೀಫನ್ ರಯಾನ್ ಇದನ್ನು ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದರು. ಕ್ಯಾಮೆರಾ ಇಲ್ಲದ ಶಾಲೆಗಳಲ್ಲಿ ಶಿಕ್ಷಕರ ಗೈರುಹಾಜರಿ ಶೇ. 42 ಇದ್ದರೆ, ಇದ್ದ ಶಾಲೆಗಳಲ್ಲಿ ಶೇ. 21ಕ್ಕೆ ಇಳಿದಿತ್ತು. ಮಕ್ಕಳ ಕಲಿಕೆಯೂ ಮೇಲೇರಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಅಧ್ಯಯನದ ಇನ್ನೊಂದು ಅಂಶ. ಲೆಕ್ಕ ಪ್ರತಿ ತಿಂಗಳು ಹೊಸದಾಗಿ ಶುರುವಾಗುತ್ತದಲ್ಲ? ಕಾಯಿಲೆಯೋ, ಮನೆಯ ಕೆಲಸವೋ, ಏನೋ ಕಾರಣದಿಂದ ಒಬ್ಬ ಶಿಕ್ಷಕ ತಿಂಗಳ ಮೊದಲ ಭಾಗವನ್ನೆಲ್ಲ ಕಳೆದುಕೊಂಡಿದ್ದಾನೆ ಎಂದುಕೊಳ್ಳಿ. ಉಳಿದ ದಿನವೆಲ್ಲ ಬಂದರೂ ಹತ್ತು ದಾಟುವುದಿಲ್ಲ. ಅವನಿಗೆ ಆ ತಿಂಗಳ ಕೊನೆಯ ದಿನಗಳಲ್ಲಿ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ತಿಂಗಳು ಮುಗಿದ ಮರುದಿನ ಒಂದನೇ ತಾರೀಖು. ಲೆಕ್ಕ ಸೊನ್ನೆಯಿಂದ ಶುರು, ಪ್ರತಿ ದಿನಕ್ಕೂ ಮತ್ತೆ ಬೆಲೆ ಬಂತು. ಇಂಥ ಶಿಕ್ಷಕರ ಹಾಜರಾತಿ ಆ ಒಂದು ರಾತ್ರಿಯಲ್ಲಿ ಏರುವುದು ದಾಖಲೆಗಳಲ್ಲಿ ಕಾಣುತ್ತದೆ. ಮೂವತ್ತನೇ ತಾರೀಖಿನ ಮೈಗಳ್ಳ ಒಂದನೇ ತಾರೀಖಿಗೆ ಶ್ರದ್ಧಾವಂತನಾದನೆ? ಅದೇ ಮನುಷ್ಯ, ಅದೇ ಶಾಲೆ, ಅದೇ ಮಕ್ಕಳು. ನಡುವೆ ಬದಲಾದದ್ದು ಷರತ್ತು ಮಾತ್ರ. ಗುಣವನ್ನು ದೂರುವ ಅಭ್ಯಾಸದಿಂದ ನನ್ನನ್ನು ಬಿಡಿಸಿದ ವಿಷಯಗಳಲ್ಲಿ ಇದೂ ಒಂದು.

ಎರಡನೆಯದೂ ಉದಯಪುರದ್ದೇ. ಸರ್ಕಾರಿ ಉಪಕೇಂದ್ರಗಳ ದಾದಿಯರು ನಿಗದಿಯಾದ ದಿನ ಕೇಂದ್ರದಲ್ಲಿರುವಂತೆ ಮಾಡಲು ಸಮಯ ಮುದ್ರಿಸುವ ಯಂತ್ರ ಇಟ್ಟರು, ಗೈರಾದರೆ ಸಂಬಳ ಕಡಿತ ಎಂದು ಆಡಳಿತ ಆದೇಶ ಹೊರಡಿಸಿತು. ಮೊದಲ ಆರು ತಿಂಗಳು ಹಾಜರಾತಿ ಸ್ಪಷ್ಟವಾಗಿ ಏರಿತು. ಆಮೇಲೆ ‘ವಿನಾಯಿತಿ ದಿನ’ಗಳು ಹೆಚ್ಚುತ್ತ ಬಂದವು: ಇವತ್ತು ಸಭೆ, ನಾಳೆ ಸಮೀಕ್ಷೆ, ಹಾಗಾಗಿ ಕೇಂದ್ರದಲ್ಲಿ ಇರಬೇಕಿಲ್ಲ ಎಂದು ಮೇಲಿನವರೇ ಅನುಮತಿ ಕೊಡುತ್ತ ಹೋದರು. ಹದಿನಾರು ತಿಂಗಳ ಹೊತ್ತಿಗೆ ಯಂತ್ರ ಇದ್ದ ಕೇಂದ್ರಕ್ಕೂ ಇಲ್ಲದ ಕೇಂದ್ರಕ್ಕೂ ವ್ಯತ್ಯಾಸವೇ ಉಳಿದಿರಲಿಲ್ಲ. ಫಲದ ಷರತ್ತು ಬದಲಾದಾಗ ಹೊಂದಿಕೊಳ್ಳುವುದು ಕೆಳಗಿನವರು ಮಾತ್ರ ಅಲ್ಲ, ಷರತ್ತು ಹಾಕಿದವರೂ ಹೊಂದಿಕೊಳ್ಳುತ್ತಾರೆ. ಸಂಬಳ ಕಡಿತ ಮಾಡುವ ಅಧಿಕಾರಿಗೆ ಅದರಿಂದ ಸಿಗುವುದು ಜಗಳ, ಮನಸ್ತಾಪ. ವಿನಾಯಿತಿ ಕೊಟ್ಟರೆ ಶಾಂತಿ. ಆ ಶಾಂತಿಯೇ ಅವರ ಪುನರ್ಬಲನ.

ಮೂರನೆಯದು ನಮ್ಮ ರಾಜ್ಯದ್ದು. 2010ರ ನಂತರದ ವರ್ಷಗಳಲ್ಲಿ ಕರ್ನಾಟಕದ ಐದು ಜಿಲ್ಲೆಗಳ ಮುನ್ನೂರಕ್ಕೂ ಹೆಚ್ಚು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಒಳಗೊಂಡ ಅಧ್ಯಯನದಲ್ಲಿ, ಕೆಲವು ಕೇಂದ್ರಗಳಿಗೆ ಬೆರಳಚ್ಚಿನ ಹಾಜರಾತಿ ಯಂತ್ರ ಬಂತು. ಇಕ್ಬಾಲ್ ಧಲಿವಾಲ್ ಮತ್ತು ರೇಮಾ ಹನ್ನಾ ಫಲಿತಾಂಶವನ್ನು ಅಳೆದರು. ದಾದಿಯರು, ಔಷಧ ವಿತರಕರು, ಪ್ರಯೋಗಾಲಯದ ತಂತ್ರಜ್ಞರ ಹಾಜರಾತಿ ಹೆಚ್ಚಿತು. ವೈದ್ಯರದ್ದು ಹೆಚ್ಚಲಿಲ್ಲ. ರಜೆ ಕಡಿತದಂಥ ಕ್ರಮಗಳು ಪೂರ್ತಿ ಜಾರಿಯಾಗಲಿಲ್ಲ. ಹಳ್ಳಿಗೆ ವೈದ್ಯರು ಸಿಗುವುದೇ ಕಷ್ಟ, ಬಿಗಿ ಮಾಡಿದರೆ ಇದ್ದವರೂ ಬಿಟ್ಟುಹೋದಾರು ಎಂಬ ಅಳುಕು ಇಲಾಖೆಗಿತ್ತು. ಬೇರೆ ಕಡೆ ಅವಕಾಶ ಇರುವವರಿಗೆ ಇಲ್ಲಿನ ಷರತ್ತು ಬಿಗಿಯಾಗಿ ತಾಗುವುದಿಲ್ಲ. ಇಷ್ಟಾದರೂ, ಯಂತ್ರ ಬಂದ ಕೇಂದ್ರಗಳ ವ್ಯಾಪ್ತಿಯಲ್ಲಿ ಹುಟ್ಟಿದ ಕೂಸುಗಳ ತೂಕ ಸುಧಾರಿಸಿದ್ದನ್ನು ಅವರು ಗುರುತಿಸಿದರು. ದಾದಿಯೊಬ್ಬರು ಕೇಂದ್ರದಲ್ಲಿ ಇರುವುದಕ್ಕೆ ಅಷ್ಟು ಬೆಲೆಯಿದೆ. ಯಂತ್ರ ಸೋತಿತು ಎಂದು ಸಲೀಸಾಗಿ ಹೇಳುವವರು ಆ ಕೂಸುಗಳನ್ನು ಮರೆಯಬಾರದು ಎಂದು ನನ್ನ ಭಾವನೆ.

ಇವಕ್ಕೆ ಹೊಂದಿಕೊಂಡ ಒಂದು ಎಚ್ಚರಿಕೆ ಇಸ್ರೇಲಿನಿಂದ ಬಂದಿದೆ. ಹೈಫಾ ನಗರದ ಕೆಲವು ಶಿಶುವಿಹಾರಗಳಲ್ಲಿ ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪಾಲಕರಿಗೆ ದಂಡ ಹಾಕಿ ನೋಡಿದರು. ತಡ ಮಾಡುವವರ ಸಂಖ್ಯೆ ಇಳಿಯುವ ಬದಲು ಸುಮಾರು ಎರಡರಷ್ಟಾಯಿತು. ಮೊದಲು ಮುಜುಗರವಿತ್ತು, ಈಗ ಅದು ಹಣ ಕೊಟ್ಟು ಕೊಳ್ಳುವ ಸೇವೆಯಾಯಿತು. ಉರಿ ಗ್ನೀಜಿ, ಆಲ್ಡೊ ರುಸ್ಟಿಕಿನಿ 2000ದಲ್ಲಿ ಪ್ರಕಟಿಸಿದ ಈ ಅಧ್ಯಯನದ ನೋವಿನ ಭಾಗ ಎಂದರೆ, ದಂಡವನ್ನು ರದ್ದು ಮಾಡಿದ ಮೇಲೂ ತಡ ಹಾಗೆಯೇ ಉಳಿಯಿತು. ಷರತ್ತನ್ನು ಹಿಂದಕ್ಕೆ ಪಡೆಯಬಹುದು, ಅದು ಕಲಿಸಿದ್ದನ್ನು ಹಿಂದಕ್ಕೆ ಪಡೆಯಲಾಗದು.

* * *

ಕಲಿತದ್ದು ಅಳಿಯುವುದಿಲ್ಲ ಎಂದಾದರೆ, ಚಟಕ್ಕೆ ಬಿದ್ದವರಿಗೆ ಬಿಡುಗಡೆಯೇ ಇಲ್ಲವೆ? ಈ ಪ್ರಶ್ನೆಗೆ ನನಗೆ ತಿಳಿದ ಅತ್ಯಂತ ಭರವಸೆಯ ಉತ್ತರ ಒಂದು ಯುದ್ಧದಿಂದ ಬಂದದ್ದು.

1971ರಲ್ಲಿ ವಿಯೆಟ್ನಾಮಿನಲ್ಲಿದ್ದ ಅಮೆರಿಕದ ಸೈನಿಕರು ದೊಡ್ಡ ಸಂಖ್ಯೆಯಲ್ಲಿ ಹೆರಾಯಿನ್ ಸೇವಿಸುತ್ತಿದ್ದಾರೆ ಎಂಬ ವರದಿ ವಾಷಿಂಗ್ಟನ್ನನ್ನು ನಡುಗಿಸಿತು. ಅಲ್ಲಿ ಹೆರಾಯಿನ್ ಶುದ್ಧವಾಗಿ, ಅಗ್ಗವಾಗಿ, ಎಲ್ಲೆಂದರಲ್ಲಿ ಸಿಗುತ್ತಿತ್ತು. ಈ ಹುಡುಗರೆಲ್ಲ ಊರಿಗೆ ಮರಳಿದರೆ ಗತಿಯೇನು ಎಂಬ ಭಯದಲ್ಲಿ ಅಧ್ಯಕ್ಷ ನಿಕ್ಸನ್ ಒಂದು ವಿಶೇಷ ಕಚೇರಿ ತೆರೆದು ಜೆರೋಮ್ ಜಾಫಿ ಎಂಬ ವೈದ್ಯರಿಗೆ ವಹಿಸಿದರು. ವಿಮಾನ ಹತ್ತುವ ಮುಂಚೆ ಪ್ರತಿ ಸೈನಿಕನ ಮೂತ್ರ ಪರೀಕ್ಷೆ, ಹೆರಾಯಿನ್ ಸಿಕ್ಕಿದರೆ ಊರಿಗೆ ಹೋಗುವಂತಿಲ್ಲ, ಅಲ್ಲೇ ಉಳಿದು ಚಿಕಿತ್ಸೆ ಪಡೆಯಬೇಕು ಎಂಬ ನಿಯಮ ಬಂತು. ಸುದ್ದಿ ಹಬ್ಬಿದ ಕೂಡಲೆ ಬಹಳಷ್ಟು ಸೈನಿಕರು ಪರೀಕ್ಷೆಯ ದಿನಕ್ಕೆ ಮುಂಚೆ ತಾವಾಗಿಯೇ ನಿಲ್ಲಿಸಿದರು. ಊರಿಗೆ ಹೋಗುವುದಕ್ಕಿಂತ ದೊಡ್ಡ ಫಲ ಅವರಿಗೆ ಇನ್ನಾವುದಿತ್ತು?

ಆ ವರ್ಷದ ಸೆಪ್ಟೆಂಬರಿನಲ್ಲಿ ಮರಳಿದವರ ಪೈಕಿ ಸುಮಾರು 900 ಜನರನ್ನು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲೀ ರಾಬಿನ್ಸ್ ಅವರ ತಂಡ ಹುಡುಕಿ ಮಾತನಾಡಿಸಿತು. ವಿಯೆಟ್ನಾಮಿನಲ್ಲಿದ್ದಾಗ ಹೆಚ್ಚುಕಡಿಮೆ ಅರ್ಧದಷ್ಟು ಜನ ಅಫೀಮನ್ನೋ ಹೆರಾಯಿನನ್ನೋ ಬಳಸಿ ನೋಡಿದ್ದರು, ಐವರಲ್ಲೊಬ್ಬ ಚಟಕ್ಕೆ ಬಿದ್ದಿದ್ದ. ಹಾಗೆ ಚಟಕ್ಕೆ ಬಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಮರಳಿದವರು ಶೇ. 5 ಮಾತ್ರ, ಮೂರು ವರ್ಷದಲ್ಲಿ ಶೇ. 12. ಅದೇ ಕಾಲದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದು ಹೊರಬಂದ ನಾಗರಿಕರಲ್ಲಿ ಬಹುಪಾಲು ಮಂದಿ ಕೆಲವೇ ತಿಂಗಳಲ್ಲಿ ಮರಳುತ್ತಿದ್ದರು. ರಾಬಿನ್ಸ್ ಅವರ ಸಂಖ್ಯೆಗಳನ್ನು ಅನೇಕರು ನಂಬಲಿಲ್ಲ. ಊರಿನಲ್ಲಿ ಹೆರಾಯಿನ್ ಸಿಗದೆ ಬಿಟ್ಟಿರಬಹುದು ಎಂಬ ಮಾತೂ ನಿಲ್ಲಲಿಲ್ಲ, ಏಕೆಂದರೆ ಚಟಕ್ಕೆ ಬಿದ್ದವರಲ್ಲಿ ಅರ್ಧದಷ್ಟು ಜನ ಊರಿನಲ್ಲಿ ಮತ್ತೊಮ್ಮೆಯಾದರೂ ಅದರ ರುಚಿ ನೋಡಿದ್ದರು. ನೋಡಿಯೂ ಅದರ ಹಿಡಿತಕ್ಕೆ ಸಿಗಲಿಲ್ಲ.

ಇದಕ್ಕೆ ಒಂದೇ ಕಾರಣ ಹೇಳುವುದು ಸರಿಯಲ್ಲ. ಆದರೆ ಕಲಿಕೆಯ ಶಾಸ್ತ್ರ ಇಲ್ಲಿ ಒಂದು ದೀಪ ಹಿಡಿಯುತ್ತದೆ. ವರ್ಮಾಂಟ್ ವಿಶ್ವವಿದ್ಯಾಲಯದ ಮಾರ್ಕ್ ಬೌಟನ್ ದಶಕಗಳ ಕಾಲ ಒಂದೇ ವಿಷಯವನ್ನು ಬಗೆಬಗೆಯಾಗಿ ತೋರಿಸಿದ್ದಾರೆ: ಒಂದು ಕೋಣೆಯಲ್ಲಿ ಕಲಿತ ನಡತೆಯನ್ನು ಬೇರೊಂದು ಕೋಣೆಯಲ್ಲಿ ಕುಂದಿಸಿ, ಪ್ರಾಣಿಯನ್ನು ಮೊದಲ ಕೋಣೆಗೆ ಮರಳಿ ತಂದರೆ ನಡತೆ ಮತ್ತೆ ಎದ್ದು ನಿಲ್ಲುತ್ತದೆ. ಕಲಿಕೆ ಸ್ಥಳಕ್ಕೆ ಅಂಟಿಕೊಂಡಿರುತ್ತದೆ. ಸೈನಿಕ ಚಟವನ್ನು ಕಲಿತದ್ದು ಯುದ್ಧದ ನಾಡಿನಲ್ಲಿ, ಬೇಸರದಲ್ಲಿ, ಆ ಗೆಳೆಯರ ನಡುವೆ. ಅದನ್ನೆಲ್ಲ ಸಾವಿರಾರು ಮೈಲಿ ಹಿಂದೆ ಬಿಟ್ಟು ಬಂದ. ನಾಗರಿಕ ರೋಗಿಯದು ಇದರ ತಿರುವುಮುರುವು. ಚಟ ಕಲಿತದ್ದು ತನ್ನ ಬೀದಿಯಲ್ಲಿ, ಬಿಟ್ಟದ್ದು ದೂರದ ಆಸ್ಪತ್ರೆಯಲ್ಲಿ, ಮರಳಿದ್ದು ಅದೇ ಬೀದಿಗೆ.

ಇಲ್ಲಿ ನಮ್ಮ ನಾಡಿನ ಒಂದು ಕೆಲಸ ನೆನಪಾಗುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗಿರುವ ಜನಜಾಗೃತಿ ವೇದಿಕೆ ಮದ್ಯವರ್ಜನ ಶಿಬಿರಗಳನ್ನು ಊರೂರಿನಲ್ಲೇ, ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ನಡೆಸುತ್ತದೆ. ಮನೆಯವರೂ ಪಾಲ್ಗೊಳ್ಳುತ್ತಾರೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರು ನವಜೀವನ ಸಮಿತಿ ಎಂದು ಕಟ್ಟಿಕೊಂಡು ಸೇರುತ್ತಿರುತ್ತಾರೆ. ಈ ಶಿಬಿರಗಳ ಬೆಲೆಯನ್ನು ಭಕ್ತಿಯ ಭಾಷೆಯಲ್ಲಿ ಹೇಳುವವರು ಹಲವರಿದ್ದಾರೆ. ನಾನು ಕಲಿಕೆಯ ಭಾಷೆಯಲ್ಲಿ ಹೇಳುತ್ತೇನೆ: ಬಿಡುವುದನ್ನು ಕಲಿಯುವ ಸ್ಥಳ, ಮುಂದೆ ಬಾಳಬೇಕಾದ ಸ್ಥಳಕ್ಕೆ ಹತ್ತಿರವಾಗಿದೆ. ಸಮಿತಿಯ ಮೂಲಕ, ಕುಡಿಯದೆ ಇರುವ ದಿನಕ್ಕೆ ಅದೇ ಊರಿನಲ್ಲಿ ಒಂದು ಫಲ ಸಿಗುತ್ತದೆ: ಹೆಸರು ಹಿಡಿದು ವಿಚಾರಿಸುವ ನಾಲ್ಕು ಜನ. ಆ ಸಭೆಗಳು ತೆಳ್ಳಗಾದ ಊರಿನಲ್ಲಿ ಮರಳಿ ಬಿದ್ದವರನ್ನು ದೂಷಿಸುವ ಮುಂಚೆ ಸಭೆ ಏಕೆ ತೆಳ್ಳಗಾಯಿತು ಎಂದು ಕೇಳಬೇಕು.

ಕೊನೆಯದಾಗಿ ಚೆನ್ನೈನ ಒಂದು ಅಧ್ಯಯನ. ಫ್ರಾಂಕ್ ಶಿಲ್ಬಾಕ್ ಎಂಬ ಅರ್ಥಶಾಸ್ತ್ರಜ್ಞ ಅಲ್ಲಿನ 229 ಸೈಕಲ್ ರಿಕ್ಷಾ ಚಾಲಕರ ಜೊತೆ ಮೂರು ವಾರ ಕೆಲಸ ಮಾಡಿ 2019ರಲ್ಲಿ ಪ್ರಕಟಿಸಿದ್ದು. ಚಾಲಕರು ದಿನವೂ ಒಂದು ಕಚೇರಿಗೆ ಬಂದು ಉಸಿರಿನ ಪರೀಕ್ಷೆ ಮಾಡಿಸಿಕೊಳ್ಳಬೇಕು. ಒಂದು ಗುಂಪಿಗೆ ಕುಡಿಯದೆ ಬಂದರೆ ಹೆಚ್ಚು ಹಣ, ಇನ್ನೊಂದು ಗುಂಪಿಗೆ ಹೇಗೆ ಬಂದರೂ ಹಣ. ಷರತ್ತು ಇದ್ದವರು ಹಗಲು ಕುಡಿಯುವುದನ್ನು ಕಡಿಮೆ ಮಾಡಿದರು. ಒಟ್ಟು ಕುಡಿತ ಅಷ್ಟಾಗಿ ಇಳಿಯಲಿಲ್ಲ, ಪರೀಕ್ಷೆಯ ನಂತರದ ಹೊತ್ತಿಗೆ ಸರಿಯಿತು. ಷರತ್ತು ಎಲ್ಲಿಗೆ ಮುಟ್ಟುತ್ತದೆಯೋ ನಡತೆ ಅಲ್ಲಿಯವರೆಗೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಹಾಗಿದ್ದೂ ಹಗಲಿನ ಆ ಕೆಲವು ತಾಸುಗಳ ಎಚ್ಚರ ಅವರ ಉಳಿತಾಯವನ್ನು ಅರ್ಧದಷ್ಟಕ್ಕೂ ಹೆಚ್ಚು ಏರಿಸಿತು. ಇನ್ನೂ ಒಂದು ವಿಷಯ ಉಂಟು. ಷರತ್ತಿನ ಹಣವೋ, ಷರತ್ತಿಲ್ಲದ ಹಣವೋ ಎಂದು ಆಯ್ಕೆ ಕೊಟ್ಟಾಗ, ಷರತ್ತಿಲ್ಲದ್ದು ಸುಲಭವಾಗಿ ಕೈಸೇರುವಂತಿದ್ದರೂ ಗಣನೀಯ ಸಂಖ್ಯೆಯ ಚಾಲಕರು ಷರತ್ತನ್ನೇ ಕೇಳಿ ಪಡೆದರು. ತಮ್ಮನ್ನು ಕಟ್ಟಿಹಾಕಿ ಎಂದು ಅವರೇ ಕೇಳಿದರು. ಇಂಥವರನ್ನು ಮನಸ್ಸು ಗಟ್ಟಿಯಿಲ್ಲದವರು ಎನ್ನುವುದು ಹೇಗೆ?

ನನ್ನದೊಂದು ಪ್ರಸ್ತಾಪವಿದೆ. ಉಸಿರಿನಲ್ಲಿ ಮದ್ಯ ಅಳೆಯುವ ಯಂತ್ರ ಈಗ ಅಪರೂಪದ್ದಲ್ಲ, ಸಂಚಾರ ಪೊಲೀಸರ ಕೈಯಲ್ಲಿ ದಿನವೂ ನೋಡುತ್ತೇವೆ. ಶಿಬಿರ ಮುಗಿಸಿ ಬಂದವರ ಸಮಿತಿ ಇರುವ ಒಂದು ಊರಿನಲ್ಲಿ, ಒಪ್ಪಿದವರು ಮಾತ್ರ, ಸಂಜೆ ಹೊತ್ತಿನಲ್ಲಿ ಪರೀಕ್ಷೆ ಮಾಡಿಸಿಕೊಂಡು, ಕುಡಿಯದ ದಿನಕ್ಕೆ ತಮ್ಮ ಸಂಘದ ಉಳಿತಾಯ ಖಾತೆಗೆ ಒಂದು ಸಣ್ಣ ಮೊತ್ತ ಸೇರುವಂತೆ ಏರ್ಪಾಡು ಮಾಡಬಹುದು.  ಮೊತ್ತವನ್ನು ಒಮ್ಮೆಲೇ ನಿಲ್ಲಿಸದೆ, ದಿನಕ್ಕೊಮ್ಮೆಯಿಂದ ವಾರಕ್ಕೊಮ್ಮೆಗೆ, ಆಮೇಲೆ ಇನ್ನೂ ವಿರಳಕ್ಕೆ ಇಳಿಸುತ್ತ ಹೋಗಬೇಕು; ಏಕೆ ಎಂದು ಸ್ಕಿನ್ನರರ ಶನಿವಾರದ ಕಥೆ ಕೇಳಿದ ನಿಮಗೆ ಬೇರೆ ಹೇಳಬೇಕಿಲ್ಲ. ಈ ಸಭೆಯಲ್ಲಿ ಆರೋಗ್ಯ ಇಲಾಖೆಯವರು, ಸ್ವಸಹಾಯ ಸಂಘಗಳ ತಾಯಂದಿರು, ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಇದ್ದೀರಿ. ಯಾರಾದರೂ ಒಂದು ಊರನ್ನು ಆರಿಸಿಕೊಂಡು ಮುಂದೆ ಬಂದರೆ ಯೋಜನೆಯನ್ನು ಜೊತೆಗೆ ಕೂತು ಬರೆಯಲು, ಲೆಕ್ಕ ಇಡಲು ನಾನು ಸಿದ್ಧ. ಉಪನ್ಯಾಸ ಮುಗಿದ ಮೇಲೆ ಇಲ್ಲೇ ಇರುತ್ತೇನೆ.